ಸಾಕ್ಷಿ ಹೇಳಿದವನ ಮನೆಯಲ್ಲಿ ಪಾದವಿಟ್ಟದ್ದು

ನನ್ನ ಮೊಮ್ಮಗಳು ಹುಟ್ಟಿದ್ದು ಗಡಿಯಾಚೆ, ಕರ್ನಾಟಕದ ಬೀದರ ಜಿಲ್ಲೆಯಲ್ಲಿರುವ ತನ್ನ ತಾಯಿಯ ತವರಿನಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಮೀರಲಾಗದ ಪದ್ಧತಿ. ನಡುವೆ ರಾಜ್ಯದ ಗೆರೆಯಿದೆಯೆಂದು ಯಾವ ಬಸುರಿಯೂ ಹಿಂದೆ ಉಳಿದದ್ದನ್ನು ನಾನು ಕಂಡಿಲ್ಲ. ಎಳೆಗೂಸಾಗಿ ಬಂದವಳು ಮಹಾರಾಷ್ಟ್ರದ ಕಾಸಾರಶಿರಸಿಯ ಹತ್ತಿರದ ನಮ್ಮ ಹಳ್ಳಿಯಲ್ಲೇ ಬೆಳೆದಳು, ಮರಾಠಿ ಶಾಲೆಯಲ್ಲೇ ಓದಿದಳು. ಉದಗೀರದಲ್ಲಿ ನರ್ಸಿಂಗ್ ಓದಲು ಅವಳಿಗೆ ಸೀಟು ಸಿಕ್ಕಿತು. ಅದು ಉಳಿಯಬೇಕಾದರೆ ಮಹಾರಾಷ್ಟ್ರದ ರಹಿವಾಸಿ, ಅಂದರೆ ಕಾಯಂ ನಿವಾಸಿ, ಎಂಬ ಪ್ರಮಾಣಪತ್ರ ಬೇಕು. ಜನ್ಮಸ್ಥಳ ಕರ್ನಾಟಕವೆಂದು ಕಂಡ ತಹಶೀಲ ಕಚೇರಿಯವರು ಊರಿನಲ್ಲಿ ವಿಚಾರಣೆ ಮಾಡುವಂತೆ ಗ್ರಾಮಲೆಕ್ಕಿಗನಾದ ತಲಾಠಿಗೆ ಬರೆದರು.

ತಲಾಠಿ ನಮ್ಮ ಅಂಗಳದಲ್ಲೇ ಕುಳಿತು, ನಮ್ಮ ಮನೆಯ ಚಹಾ ಕುಡಿದು, ಪಕ್ಕದ ಮನೆಯ ಗೌಡನನ್ನು ಸಾಕ್ಷಿಗೆ ಕರೆಸಿದ. ನಾವು ಜಂಗಮರು, ನನ್ನ ಅಜ್ಜನ ಕಾಲದಿಂದ ಆ ಮನೆಗೆ ಗುರುಗಳು. ಗೌಡನ ಮದುವೆ ಮಾಡಿಸಿದವನು ನಾನು, ಅವನ ಮಕ್ಕಳ ಕೊರಳಿಗೆ ಲಿಂಗ ಕಟ್ಟಿದವನೂ ನಾನೇ.

"ಹೇ ಇಥಲೇಚ ಕಾ?" ಎಂದು ತಲಾಠಿ ಕೇಳಿದ. ಇವರು ಇಲ್ಲಿಯವರೇ ಏನು?

ಗೌಡ ನನ್ನ ಮುಖ ನೋಡಲಿಲ್ಲ. "ಸಾಹೇಬ, ಹೇ ಕರ್ನಾಟಕಾಚೇ ಲೋಕ." ಇವರು ಕರ್ನಾಟಕದ ಮಂದಿ.

ಅವನು ಆಗ ಊರಿನ ಚುನಾವಣೆಗೆ ನಿಂತಿದ್ದ. ಗಡಿಯ ಗಲಾಟೆ ಎದ್ದಿದ್ದ ಕಾಲದಲ್ಲಿ ತಾನು ಅಪ್ಪಟ ಮರಾಠಿಗನೆಂದು ತೋರಿಸಿಕೊಳ್ಳುವ ಹುಕಿ ಅವನಿಗಿತ್ತು.

ಹೊಸ್ತಿಲಲ್ಲಿ ನಿಂತಿದ್ದ ಮೊಮ್ಮಗಳು ಕೇಳಿದಳು: "ಕಾಕಾ, ನಿಮ್ಮವ್ವ ದಿನಾ ನಿಮಗ ಯಾ ಭಾಷಾದಾಗ ಬೈತಾಳ್ರೀ?"

ತಲಾಠಿ ನಕ್ಕ. ನಕ್ಕು, ಗೌಡ ಹೇಳಿದ್ದನ್ನೇ ಬರೆದುಕೊಂಡ.

ಕಚೇರಿಗೆ ಹೋಗಿ ಬೇಡಿಕೊಂಡೆ. ಗುಮಾಸ್ತ ಕುಳಿತೇ ಇದ್ದ, ನಾನು ನಿಂತೇ ಇದ್ದೆ. ನಿಮ್ಮ ನೆರೆಯವನೇ ಹೀಗೆ ಹೇಳಿದ ಮೇಲೆ ನಾನೇನು ಮಾಡಲಿ ಎಂದ.

ಸೀಟಿನ ಗಡುವು ಇನ್ನೂ ಮುಗಿದಿರಲಿಲ್ಲ. ಒಂದು ಬೆಳಗ್ಗೆ ಗೌಡ ಬರಿದಲೆಯಲ್ಲಿ ನಮ್ಮ ಅಂಗಳಕ್ಕೆ ಬಂದ.

"ಅಯ್ನೋರ, ಅವ್ವ ಹ್ವಾದ್ಳು ರೀ. ನೀವು ಪಾದಾ ಇಡಬೇಕ್ರೀ."

ಮೃತರ ತಲೆಯ ಮೇಲೆ ಗುರು ಪಾದವಿಡದೆ ಅವರಲ್ಲಿ ಹೆಣ ಎತ್ತುವುದಿಲ್ಲ.

"ಕರ್ನಾಟಕದ ಮಂದಿ ಪಾದ ನಡೀತದೇನಪಾ?" ಎಂದೆ.

ಅವನು ತಲೆ ತಗ್ಗಿಸಿದ. ಒಳಗಿನಿಂದ ನನ್ನ ಹೆಂಡತಿ ಕೂಗಿದಳು: "ಮುದುಕಿ ಏನ್ ಮಾಡ್ಯಾಳ್ರೀ ಪಾಪ? ಹೋಗ್ರಿ ಸುಮ್ಮ."

ಹೋದೆ. ಬದುಕಿನುದ್ದಕ್ಕೂ ಒಂದೂ ಮರಾಠಿ ಮಾತನಾಡದ ಆ ತಾಯಿಯ ತಣ್ಣನೆಯ ಹಣೆಯ ಮೇಲೆ ಬಲಪಾದವಿಟ್ಟು ಮಂತ್ರ ಹೇಳಿದೆ. ಆ ಮನೆಯಲ್ಲಿ ನೀರು ಮುಟ್ಟಲಿಲ್ಲ. ಮಣ್ಣು ಮುಗಿಸಿ ಬರುವಾಗ ಗೌಡ, "ನಾಳಿಗೇ ತಲಾಠಿ ಬಲ್ಲಿ ಹೋಗಿ ಖರೇ ಹೇಳ್ತೀನ್ರೀ" ಎಂದ.

ಮರುದಿನ ನೆಂಟರು ಬಂದರು, ಆಮೇಲೆ ಕಾರ್ಯವಿತ್ತು, ಆಮೇಲೆ ಪ್ರಚಾರ. ಅವನು ತಲಾಠಿಯನ್ನು ಕರೆದುಕೊಂಡು ಬರುವಷ್ಟರಲ್ಲಿ ಗಡುವು ದಾಟಿತ್ತು.

"ಸೀಟು ಬ್ಯಾರೇದವರಿಗಿ ಹೋಗ್ಯದ್ರೀ ಕಾಕಾ," ಎಂದು ಮೊಮ್ಮಗಳು ಒಳಗೆ ಹೋದಳು. ಈಗ ಅವಳು ನಮ್ಮ ತಾಲ್ಲೂಕು ಊರಾದ ನಿಲಂಗಾದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾಳೆ.

ಗೌಡನ ಸೊಸೆಯೂ ಗಡಿಯಾಚೆಯವಳೇ. ಚೊಚ್ಚಲ ಬಸುರಿಯಾದ ಅವಳನ್ನು, ಬೀಗರು ಎಷ್ಟು ಕರೆದರೂ, ಅವನು ತವರಿಗೆ ಕಳಿಸಲಿಲ್ಲ. ಹೆರಿಗೆ ನಿಲಂಗಾದಲ್ಲೇ ಆಯಿತು, ಕೂಸಿನ ಜನ್ಮಸ್ಥಳ ಮಹಾರಾಷ್ಟ್ರವೆಂದೇ ದಾಖಲಾಯಿತು. ನಿನ್ನೆ, ಕೂಸಿಗೆ ಲಿಂಗ ಕಟ್ಟಲು ಬರಬೇಕೆಂದು ನನಗೆ ಹೇಳಿಕಳಿಸಿದ್ದಾನೆ.

ನಾನಿನ್ನೂ ಉತ್ತರ ಕೊಟ್ಟಿಲ್ಲ.