ಅಕ್ಕ ಅಂದರೆ ಯಾರು?

ಹುಟ್ಟಿದ ಮನೆಯಲ್ಲಿ ನಾನೇ ಕೊನೆಯವಳು. ಮೇಲೆ ಮೂವರು ಅಣ್ಣಂದಿರು. ನನ್ನನ್ನು ಅಕ್ಕ ಎಂದು ಕರೆಯುವ ಬಾಯಿ ಒಂದೂ ಇರಲಿಲ್ಲ. ಆ ಭಾಗ್ಯವನ್ನು ದೇವರು ಅಮೆರಿಕದಲ್ಲಿ ಸಿಯಾಟಲ್ ಪಕ್ಕದ ಈ ಸಮಾಮಿಶ್‌ಗೆ ಬಂದ ಮೇಲೆ ಕೊಟ್ಟ. ಇಲ್ಲಿ ಅರಿಶಿನ ಕುಂಕುಮಕ್ಕೆ ಬರುವ ಹೆಂಗಸರಲ್ಲಿ ನನಗೇ ವಯಸ್ಸು ಹೆಚ್ಚು. ಎಲ್ಲರಿಗೂ ನಾನು ಅಕ್ಕ.

ಒಂದು ಶ್ರಾವಣದ ಶುಕ್ರವಾರ, ಪಕ್ಕದ ಮನೆಗೆ ಹೊಸದಾಗಿ ಬಂದಾಕೆಯನ್ನೂ ಕರೆದಿದ್ದೆ. ಅವಳು ನಮ್ಮ ದೇಶದವಳಲ್ಲ. ಅವಳ ದೇಶದ ಹೆಸರನ್ನು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಅಲ್ಲಿ ಸರ್ಕಾರಕ್ಕೆ ಹಿಡಿಸದ ಒಂದು ಸಾಲು ಬರೆದರೂ ಮನೆಗೆ ಜನ ಬರುತ್ತಾರೆ, ಬರೆದವರನ್ನು ಕರೆದುಕೊಂಡು ಹೋಗುತ್ತಾರೆ ಎಂಬುದಷ್ಟು ತಿಳಿದರೆ ಸಾಕು. ಆ ದಿನ ಎಲ್ಲರ ಬಾಯಲ್ಲೂ ಕೇಳಿ, ಅಕ್ಕ ಎನ್ನುವುದೇ ನನ್ನ ಹೆಸರು ಎಂದುಕೊಂಡಳು ಅವಳು. ಮುಂದೆ ಒಂದು ವರ್ಷ ಹಬ್ಬದ ಕಾರ್ಡಿನ ಮೇಲೂ ‘ಮಿಸೆಸ್ ಅಕ್ಕ’ ಎಂದೇ ಬರೆದಳು. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ನಾನು ತಿದ್ದಲು ಹೋಗಲಿಲ್ಲ. ಕೊನೆಗೆ ಅರ್ಥ ಹೇಳಿದಾಗ ಅವಳ ಕಣ್ಣು ತುಂಬಿತು. “ನನಗೂ ಒಬ್ಬಳು ತಂಗಿ ಇದಾಳೆ. ಊರಲ್ಲೇ ಉಳಿದುಬಿಟ್ಟಳು,” ಎಂದಳು. ನಾವಿಬ್ಬರೂ ಆಡುವುದು ಮುರುಕು ಇಂಗ್ಲಿಷು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಆ ತಂಗಿ ಶಾಲೆಯ ಮೇಷ್ಟರಮ್ಮ. ಹೆಸರು ಹಾಕದೆ ಬ್ಲಾಗ್ ಬರೆಯುತ್ತಿದ್ದಳು. ದೊಡ್ಡ ರಾಜಕೀಯವೇನಲ್ಲ. ಬ್ರೆಡ್ಡಿಗೆ ನಿಂತ ಸಾಲು, ಕ್ಲಾಸಿನಲ್ಲಿ ಮುಗಿದುಹೋದ ಸೀಮೆಸುಣ್ಣ, ಪರೀಕ್ಷೆಯ ದಿನವೇ ಹೋದ ಕರೆಂಟು. ಅಲ್ಲಿಂದ ಹಾಕಿದರೆ ಸಿಕ್ಕಿಬೀಳುತ್ತಾಳೆಂದು ಅವಳು ಫೋನಿನಲ್ಲಿ ಓದುವುದು, ಇವಳು ಇಲ್ಲಿ ಕೂತು ಟೈಪ್ ಮಾಡಿ ಹಾಕುವುದು. ನಾನು ಹಾಲಿಗೆ ಹೆಪ್ಪು ಕೇಳಿಕೊಂಡೋ ಕರಿಬೇವು ಕೊಡುವ ನೆಪದಲ್ಲೋ ಹೋದಾಗ ವಿಡಿಯೋದಲ್ಲಿ ಆ ಹುಡುಗಿ ಕೈಬೀಸುತ್ತಿದ್ದಳು. ಒಮ್ಮೆ, ಅಂಗಡಿಯಲ್ಲಿ ಸಾಲಿಲ್ಲದೆ ಸಿಗುವುದು ರವೆ ಒಂದೇ ಎಂದು ಗೋಳಾಡಿದಳು. ನಾನು ಬಿಡುತ್ತೇನೆಯೇ? ಉಪ್ಪಿಟ್ಟು ಹೇಳಿಕೊಟ್ಟೆ. ಸಾಸಿವೆ ಇಲ್ಲ, ಕರಿಬೇವಿಲ್ಲ. ಈರುಳ್ಳಿ, ಉಪ್ಪು, ನೀರು.

“ಹುರಿಯೋದು ಮಾತ್ರ ಮರೀಬೇಡಮ್ಮ, ಅಂಟಾಗಿಬಿಡುತ್ತೆ,” ಎಂದೆ.

ಮುಂದಿನ ವಾರದ ಬ್ಲಾಗಿನಲ್ಲಿ, ‘ಇವತ್ತು ಅಕ್ಕ ಹೇಳಿದ ಹಾಗೆ ರವೆ ಹುರಿದೆ’ ಎಂದು ಬಂತು. ಅವರ ಲಿಪಿಯಲ್ಲಿ, ನಮ್ಮ ಮಾತು. ಅವರ ಭಾಷೆಯಲ್ಲಿ ಹಾಗೊಂದು ಶಬ್ದವೇ ಇಲ್ಲವಂತೆ. ಓದುವವರಿಗೆಲ್ಲ ತಲೆಬಿಸಿ. ಅದೊಂದು ಗುಪ್ತ ಸಂಘ ಎಂದು ಒಬ್ಬರು, ಸತ್ತುಹೋದ ಅಜ್ಜಿಯ ಹೆಸರು ಎಂದು ಇನ್ನೊಬ್ಬರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಹೊರದೇಶದವರ ಕಣ್ಣು ಬಿತ್ತು. ಮೊದಲು ಯಾವುದೋ ರೇಡಿಯೋದವರು ಅದನ್ನು ಓದಿದರು. ಯಾರೋ ಇಂಗ್ಲಿಷಿಗೆ ತಂದರು. ಕೊನೆಗೆ ಇಲ್ಲಿನದೇ ಒಬ್ಬ ವರದಿಗಾರ್ತಿ, ಬ್ಲಾಗಿಗೆ ನೆರವಾಗುವವರು ಸಿಯಾಟಲ್ ಕಡೆ ಇದ್ದಾರೆಂದು ಹೇಗೋ ಪತ್ತೆಹಚ್ಚಿ ಇವಳಿಗೆ ಪತ್ರ ಬರೆದಳು.

“ಹೊರಗಿನವರು ನೋಡ್ತಾ ಇದ್ರೆ ಮುಟ್ಟೋಕೆ ಹೆದರ್ತಾರೆ ಅಂತಾಳೆ ತಂಗಿ. ನೋಡಿದ್ರೇನೇ ಹುಡುಕೋಕೆ ಶುರು ಮಾಡ್ತಾರೆ ಅಂತ ನನ್ನ ಭಯ,” ಎಂದಳು ಇವಳು. ನನಗೆ ಎರಡೂ ನಿಜವೆನಿಸಿತು. ಕೊನೆಗೆ ತಂಗಿಯ ಮಾತೇ ಗೆದ್ದಿತು.

ಪಕ್ಕದವಳು ತನ್ನ ಮನೆ ಮುಂದೆ ಅಪರಿಚಿತರ ಕಾರು ನಿಲ್ಲುವುದು ಬೇಡವೆಂದು ನಮ್ಮ ಅಡುಗೆಮನೆಯಲ್ಲೇ ಮಾತುಕತೆ ಇಟ್ಟುಕೊಂಡಳು. ಕರಾರು ಗಟ್ಟಿಯಾಗಿತ್ತು: ಹೆಸರಿಲ್ಲ, ಊರಿಲ್ಲ, ಶಾಲೆ ಯಾವುದೆಂಬ ಮಾತಿಲ್ಲ. ತಾನು ಒಡಹುಟ್ಟಿದವಳು ಎಂಬುದನ್ನೂ ಅವಳು ಹೇಳಲಿಲ್ಲ. ಪರಿಚಯದವಳು ಎಂದಷ್ಟೇ ಹೇಳಿದಳು. ನನ್ನ ಪಾಲಿಗೆ ಕಾಫಿ, ಉಪ್ಪಿಟ್ಟು. ನಡುವೆ ಅವಳಿಗೆ ಫೋನ್ ಬಂತು. ಎದ್ದು ಹಿತ್ತಿಲ ಕಡೆ ಹೋದಳು. ವರದಿಗಾರ್ತಿ ನನ್ನ ಕಡೆ ತಿರುಗಿದಳು.

“ಬ್ಲಾಗಿನಲ್ಲಿ ಬರುವ ಈ ಅಕ್ಕ ಅಂದರೆ ಯಾರು, ನಿಮಗೇನಾದರೂ ಗೊತ್ತಾ?”

ಕೈಯಲ್ಲಿ ಸೌಟು, ಎದೆಯಲ್ಲಿ ಹೆಮ್ಮೆ. “ನಾನೇ!” ಎಂದೆ.

“ಹಾಗಂದರೇನು?”

“ಎಲ್ಡರ್ ಸಿಸ್ಟರ್.”

“ನೀವು ಅವಳ ಎಲ್ಡರ್ ಸಿಸ್ಟರ್?”

“ಹೌದು ಮತ್ತೆ. ಅವಳು ನನ್ನ ತಂಗಿ. ಇನ್ನೊಂದು ಚೂರು ಹಾಕ್ಲಾ?”

ಅವಳ ಪೆನ್ನು ಸರಸರ ಓಡಿತು. ನನ್ನ ಉಪ್ಪಿಟ್ಟಿನ ವಿಧಾನವನ್ನು ಬರೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಮಗಳು ಫೋನ್ ಹಿಡಿದುಕೊಂಡು ದೇವರ ಮನೆಯ ಬಾಗಿಲಿಗೇ ಬಂದಳು. “ಅಮ್ಮಾ, ವೈ ಡಸ್ ಇಟ್ ಸೇ ಯು ಆರ್ ಹರ್ ಸಿಸ್ಟರ್?” ವರದಿಯಲ್ಲಿ ಹೀಗೆ ಬಂದಿತ್ತು: ಬ್ಲಾಗ್ ಬರೆಯುವಾಕೆಯ ಅಕ್ಕ ಸಿಯಾಟಲ್ ಬಳಿ ಇದ್ದಾಳೆ, ದಕ್ಷಿಣ ಭಾರತದಲ್ಲಿ ಹುಟ್ಟಿದ ಗೃಹಿಣಿ, ಅಕ್ಕ ಎನ್ನುವುದು ಅವರ ಮನೆಮಾತಿನ ಶಬ್ದ. ನನ್ನ ಹೆಸರಿರಲಿಲ್ಲ. ಆದರೂ ಪೂಜೆ ಅರ್ಧಕ್ಕೇ ಬಿಟ್ಟು ಎದ್ದೆ.

ಪಕ್ಕದವಳು ನಮ್ಮ ಹೊಸ್ತಿಲಾಚೆಯೇ ನಿಂತು ಕೇಳಿದಳು. “ಸಿಯಾಟಲ್ ಅಂತ ಬರೆದಿದಾರೆ. ಅಕ್ಕ ಇದಾಳೆ ಅಂತ ಬರೆದಿದಾರೆ. ಸಿಯಾಟಲ್‌ನಲ್ಲಿ ಅಕ್ಕ ಇರೋದು ನನ್ನ ತಂಗಿಗೇ ಅಲ್ವಾ? ಅಲ್ಲಿ ಅವರಿಗೆ ಅಷ್ಟು ಸಾಕು. ಯಾಕೆ ಹೇಳಿದೆ?”

ಆ ದಿನದಿಂದಲೇ ತಂಗಿಯ ಫೋನು ಸತ್ತಿತು. ಬ್ಲಾಗು ನಿಂತಿತು.

ಓವರ್‌ಲೇಕ್‌ನ ಆಫೀಸಿನಿಂದ ಬಂದ ನಮ್ಮವರು ಎಲ್ಲ ಕೇಳಿ, “ಅಲ್ಲ ಕಣೇ, ಉಪ್ಪಿಟ್ಟು ಬಡಿಸು ಅಂದ್ರೆ ಊರಿನ ಗುಟ್ಟೂ ಬಡಿಸಿದ್ಯಲ್ಲ,” ಎಂದರು. ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ನಾನು ಗಣಪತಿಗೆ ಐದು ಕಾಯಿಯ ಹರಕೆ ಹೊತ್ತೆ. ಆ ಹುಡುಗಿಯ ದನಿ ಒಂದು ಸಲ ಕೇಳಿಸಿಬಿಡಪ್ಪ, ನನ್ನ ಬಾಯಿಯ ತಪ್ಪಿಗೆ ಅವಳನ್ನು ಹಿಡಿಯಬೇಡ ಎಂದು ಬೇಡಿಕೊಂಡೆ.

ಬೇಲಿಯಾಚೆ ಅವಳು ಕಸದ ಡಬ್ಬ ಎಳೆದುಕೊಂಡು ಬಂದರೂ ನನ್ನ ಕಡೆ ನೋಡುತ್ತಿರಲಿಲ್ಲ. ಒಂದು ಡಬ್ಬಿ ಪುಳಿಯೋಗರೆ ಅವಳ ಬಾಗಿಲಲ್ಲಿ ಇಟ್ಟು ಬಂದೆ. ಮರುದಿನ ಡಬ್ಬಿ ನಮ್ಮ ಮೆಟ್ಟಿಲಿನ ಮೇಲಿತ್ತು. ತೊಳೆದು ಒರೆಸಿದ್ದಳು, ಒಳಗೆ ಏನೂ ಇರಲಿಲ್ಲ. ಬಂದ ಡಬ್ಬಿಯನ್ನು ಬರಿದಾಗಿ ಕಳಿಸಬಾರದು, ಒಂದು ಚಮಚ ಸಕ್ಕರೆಯಾದರೂ ಇರಬೇಕು ಎಂದು ನಾನೇ ಅವಳಿಗೆ ಕಲಿಸಿದ್ದೆ. ಅಂದಿನಿಂದ ಅವಳು ಅಂಜೂರವೋ ಬಾದಾಮಿಯೋ ಹಾಕದೆ ಕಳಿಸಿದವಳಲ್ಲ. ಆ ಖಾಲಿ ಡಬ್ಬಿಯನ್ನು ಹಿಡಿದುಕೊಂಡು ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ, ನಾನು ರಂಗೋಲಿಯ ಎಳೆ ಎಳೆಯುತ್ತಿದ್ದಾಗ ಅವಳು ಬರಿಗಾಲಲ್ಲಿ ಹಸಿ ಹುಲ್ಲು ದಾಟಿ ಓಡಿಬಂದಳು. ರಂಗೋಲಿ ತುಳಿದಳು. “ಇದಾಳೆ! ಇದಾಳೆ ಅಕ್ಕ! ಮಾತಾಡಿದ್ಲು!” ಅಷ್ಟು ಹೇಳಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಇಬ್ಬರೂ ಅತ್ತೆವು.

ಒಳಗೆ ಕೂರಿಸಿ ಕಾಫಿ ಕೊಟ್ಟ ಮೇಲೆ ನಡೆದದ್ದು ತಿಳಿಯಿತು. ವರದಿಯ ಸುದ್ದಿ ಸಿಕ್ಕಿದ ಕೂಡಲೇ ಆ ಹುಡುಗಿ ತಾನೇ ಫೋನಿನ ಸಿಮ್ ಮುರಿದು ಎಸೆದಿದ್ದಳು. ಬ್ಲಾಗಿನ ವಿವರ ಹಿಡಿದು ಆ ಊರಿನ ಶಾಲೆಗಳಿಗೆಲ್ಲ ಅಧಿಕಾರಿಗಳು ಬಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರಂತೆ. ಕೇಳಿದ್ದು ಏನು? ಇಂಡಿಯಾದಲ್ಲಿ ನೆಂಟರಿದ್ದಾರಾ? ತಾಯಿ ಇಂಡಿಯಾದವಳಾ?

“ಇಲ್ಲ ಅಂದ್ಲಂತೆ. ಅಕ್ಕ ಇದಾಳಾ ಅಂದ್ರಂತೆ. ಇದಾಳೆ, ಅಮೆರಿಕದಲ್ಲಿ, ಅಂತ ನನ್ನ ಫೋಟೋನೇ ತೋರಿಸಿದ್ಲಂತೆ. ನೋಡಿದ್ರು. ನನ್ನ ಬಿಳಿ ಮೂತಿ, ಕೆಂಚು ಕೂದಲು!” ಅವಳು ಅಳುತ್ತಲೇ ನಕ್ಕಳು. “ಇವಳಲ್ಲ, ಹೋಗು ಅಂದ್ರಂತೆ. ಅವರು ನಿನ್ನನ್ನ ಹುಡುಕ್ತಿದ್ರು ಅಕ್ಕ, ನಿನ್ನ ಮೂಗುಬೊಟ್ಟನ್ನ!”

ನಾನು ಮೊದಲು ಕೇಳಿದ್ದು ಒಂದೇ. “ಬೇರೆ ಯಾರನ್ನಾದ್ರೂ ಹಿಡಿದ್ರಾ? ನಮ್ಮ ಕಡೆ ನಂಟಿರೋರು ಯಾರಾದ್ರೂ?”

“ಆ ಊರಲ್ಲಿ ಅಂಥೋರು ಒಬ್ಬರೂ ಇಲ್ಲ. ಬರಿಗೈಯಲ್ಲಿ ಹೋದ್ರಂತೆ.”

ಆಗ ನಾನೂ ಒಂದು ಲೋಟ ಕಾಫಿ ಬಗ್ಗಿಸಿಕೊಂಡು ಕೂತೆ.

ಆ ವಾರವೇ ವರದಿಗಾರ್ತಿಯ ಕರೆ ಬಂತು. ಯಾರೋ ಓದುಗರು ಅನುಮಾನ ಎತ್ತಿದ್ದರಂತೆ. ತಪ್ಪಾಗಿದ್ದರೆ ತಿದ್ದುಪಡಿ ಹಾಕಬೇಕು, ಅದು ತಮ್ಮ ನಿಯಮ ಎಂದಳು. “ಅವಳು ನಿಜವಾಗಿ ನಿಮ್ಮ ತಂಗಿಯಾ?”

ದೀಪದ ಮುಂದೆ ನಿಂತಿದ್ದೆ. ಸುಳ್ಳು ಹೇಳಲಾರೆ. ನಿಜ ಹೇಳಿ ತಿದ್ದುಪಡಿ ಬಂದರೆ ಆ ಅಧಿಕಾರಿಗಳು ಮತ್ತೆ ಹೊರಡುತ್ತಾರೆ, ಈ ಸಲ ಅದೇ ಫೋಟೋವನ್ನು ಸರಿಯಾಗಿ ನೋಡುತ್ತಾರೆ.

“ನಮ್ಮ ಭಾಷೇಲಿ ಅವಳು ನನ್ನ ತಂಗಿ,” ಎಂದೆ. “ಒಂದೇ ಹೊಟ್ಟೇಲಿ ಹುಟ್ಟಿದವರನ್ನ ಮಾತ್ರ ನಾವು ಹಾಗೆ ಕರೆಯೋದಲ್ಲ. ನೀವು ಅದನ್ನ ಸರಿ ಮಾಡಿ ಬರೆದ್ರೆ ಅವಳು ಉಳಿಯಲ್ಲ. ಇಷ್ಟೇ ನನಗೆ ಗೊತ್ತಿರೋದು.”

“ಅವಳು ಕ್ಷೇಮವಾಗಿದಾಳಾ?” ಎಂದಳು.

“ಇದಾಳೆ.”

“ಹಾಗಾದರೆ ಈಗ ತಿದ್ದುವಂಥದ್ದು ಏನೂ ಇಲ್ಲ. ಅವಳು ಅಲ್ಲಿಂದ ಹೊರಗೆ ಬಂದ ದಿನ ನನಗೆ ಹೇಳಿ, ಆಗ ತಿದ್ದೋಣ.” ಆ ತಾಯಿಯ ಮಕ್ಕಳು ಚೆನ್ನಾಗಿರಲಿ.

ಹರಕೆ ತೀರಿಸಲು ದೇವಸ್ಥಾನಕ್ಕೆ ಕಾರಿನಲ್ಲಿ ಪಕ್ಕದವಳೂ ಬಂದಳು. ಐದು ಕಾಯಿ ಅವಳ ಮಡಿಲಲ್ಲೇ ಇದ್ದವು. ಒಡೆದರೆ ಒಂದು ಕೊಳೆತಿತ್ತು. ಅವಳ ಮುಖ ಕಂದಿತು.

“ಏನೂ ಇಲ್ಲ ಬಾ, ಕೆಟ್ಟದ್ದು ಅದರಲ್ಲೇ ಹೋಯ್ತು,” ಎಂದೆ. ನಮ್ಮಮ್ಮ ಹಾಗೇ ಹೇಳುತ್ತಿದ್ದಳು. ಮರುದಿನ ನಮ್ಮ ಡಬ್ಬಿ ಅವಳ ಮನೆಯಿಂದ ತುಂಬಿ ಬಂತು, ಮುಚ್ಚಳ ಕೂರದಷ್ಟು ಅಂಜೂರ.

ಹೋದ ತಿಂಗಳು ಆ ಹುಡುಗಿ ಗಡಿ ದಾಟಿ ಬೇರೆ ದೇಶ ಸೇರಿದಳು. ಹಳೆಯ ಊರಿನಲ್ಲಿ ಅವರ ಪೈಕಿ ಇನ್ನು ಯಾರೂ ಉಳಿದಿಲ್ಲ. ವರದಿಗಾರ್ತಿಗೆ ತಿಳಿಸಿದ್ದೇನೆ. ತಿದ್ದುಪಡಿಯೂ ಬಂತು, ಮೂಲೆಯಲ್ಲಿ ಎರಡು ಸಾಲು: ಬ್ಲಾಗ್ ಬರೆಯುತ್ತಿದ್ದಾಕೆಯ ಒಡಹುಟ್ಟಿದ ಅಕ್ಕ ಬೇರೊಬ್ಬರು ಎಂದು. ನನಗೆ ಸ್ವಲ್ಪ ಕಸಿವಿಸಿಯಾದದ್ದು ನಿಜ. ಅದನ್ನು ಓದಿ ಹೇಳಿದಾಗ ವಿಡಿಯೋದಲ್ಲಿ ಆ ಹುಡುಗಿ ತಲೆಯಾಡಿಸಿದಳು.

“ಅವರು ತಪ್ಪು ಬರೆದಿದಾರೆ ಅಕ್ಕ,” ಎಂದಳು. “ಇಬ್ಬರು ಅಂತ ಬರೀಬೇಕಿತ್ತು.”