ಸಾಗಿನಾಲಿಯ ಕೈಗವಸು

ಸಾಗಿನಾಲಿಯನ್ನು ಮಣ್ಣು ಮಾಡಿ ಬಂದ ದಿನದಿಂದ ಅವನ ನಾಯಿ ಉಚಾರ್ ಏನನ್ನೂ ತಿಂದಿರಲಿಲ್ಲ. ಅವನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ನೆನಪಾಗುವುದು ಆ ನಾಯಿಯೇ. ಅಟ್‌ಬಾಶಿ ಕಣಿವೆಯ ನಮ್ಮ ಹಳ್ಳಿಯಲ್ಲಿ ಅವನು ಊರ ಕುದುರೆಗಳನ್ನು ಕಾಯುತ್ತಿದ್ದ, ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಒಂದೇ ಬೆಂಚಿನಲ್ಲಿ ಕೂತು ಬೆಳೆದವರು ನಾವು.

ಉಚಾರ್ ಬೇಟೆನಾಯಿ. ತೆಳ್ಳನೆ ಮೈ, ನೀಳ ಕಾಲು, ಕಿವಿಯಿಂದ ಜಡೆಯಂತೆ ಇಳಿಬಿದ್ದ ಕೂದಲು. ನಮ್ಮಲ್ಲಿ ತೋಳಗಳಿಗೆಂದು ಬೆಟ್ಟದಲ್ಲಿ ವಿಷ ಇಡುವುದುಂಟು; ಕಂಡದ್ದಕ್ಕೆ ಬಾಯಿ ಹಾಕುವ ನಾಯಿ ಬಹಳ ಕಾಲ ಉಳಿಯುವುದಿಲ್ಲ. ಅದಕ್ಕೇ ಮರಿಯಿದ್ದಾಗಿನಿಂದ ಪ್ರತಿ ತುಂಡನ್ನೂ ಸಾಗಿನಾಲಿ ಅಂಗೈಗೆ ಉಜ್ಜಿಯೇ ಕೊಡುತ್ತಿದ್ದ. ಅವನ ಕೈವಾಸನೆ ಇಲ್ಲದ ಮಾಂಸ ಉಚಾರ್ ಪಾಲಿಗೆ ಕಲ್ಲು. ಒಮ್ಮೆ ಮದುವೆಮನೆಯಿಂದ ನಾನು ಒಳ್ಳೆಯ ಪಕ್ಕೆಲುಬು ತಂದು ಚಾಚಿದರೆ ಮುಖ ತಿರುಗಿಸಿತು.

"ನಿನ್ ಕೈಯೆಲ್ಲಾ ಬರೀ ಸೀಮೆಸುಣ್ಣದ ವಾಸ್ನೆ ಕಣೋ. ಪಾಪ, ಅದಾದ್ರೂ ಏನ್ ಮಾಡುತ್ತೆ!" ಎಂದು ಸಾಗಿನಾಲಿ ನಕ್ಕಿದ್ದ.

ಹೋದ ವರ್ಷ ಮೊದಲ ಹಿಮ ಬಿದ್ದಾಗ ತೋಳಗಳು ಮರಿಗುದುರೆಗಳನ್ನು ಹರಿದುಹಾಕಿದವು. ಊರವರ ಕಾಟ ತಾಳಲಾರದೆ ಸಾಗಿನಾಲಿಯೇ ವಿಷದ ಮಾಂಸ ಒಯ್ದು ಇಳಿಜಾರಿನಲ್ಲಿಟ್ಟ. ಬೆರಳು ಮರಗಟ್ಟಿ ಚೀಲದ ಗಂಟು ಬಿಚ್ಚಲಾಗಲಿಲ್ಲವೆಂದು ಕೈಗವಸು ಕಳಚಿದವನು, ತುಂಡುಗಳನ್ನೂ ಬರಿಗೈಯಲ್ಲೇ ಹರಡಿದ. ಮರುದಿನ ಕುದುರೆಗಳ ಹಿಂದೆ ಹೋದ ಉಚಾರ್ ಆ ತುಂಡುಗಳನ್ನು ಮೂಸಿ ನೋಡಿತು. ಅದಕ್ಕೆ ಅದು ಒಡೆಯ ಕೊಟ್ಟ ಊಟ.

ಕುದುರೆಯ ಮೇಲೆ ಅಡ್ಡ ಹಾಕಿಕೊಂಡು ತಂದಾಗ ನಾಯಿಯ ಕಾಲುಗಳು ಕೋಲಿನಂತೆ ಸೆಟೆದಿದ್ದವು. ಸಾಗಿನಾಲಿ ಹೊಸ್ತಿಲ ಆಚೆಯೇ ನಿಂತ; ಸುದ್ದಿ ಕೇಳಿ ಓಡಿಬಂದ ನಾನೂ ಪಕ್ಕದಲ್ಲಿದ್ದೆ. ಅವನ ಹೆಂಡತಿ ಕುಲಿಪಾ ನಮಾಜು ತಪ್ಪಿಸದವಳು, ನಾಯಿಯನ್ನು ಒಳಗೆ ಬಿಟ್ಟವಳೇ ಅಲ್ಲ.

"ಏನ್ ನೋಡ್ತಾ ನಿಂತಿದ್ದೀರಾ? ಒಳಗೆ ತನ್ನಿ!" ಎಂದಳು ಅವಳೇ.

"ನಾಯಿ ಬಂದ ಮನೇಗೆ ದೇವದೂತರು ಬರಲ್ಲ ಅಂತಿದ್ದೆ…"

"ಇವತ್ತೊಂದಿನ ಅವರೇ ಹೊರಗೆ ನಿಂತಿರ್ಲಿ. ಮೇಷ್ಟ್ರೇ, ನೀವು ತಲೆ ಹಿಡ್ಕೊಳ್ಳಿ!"

ಉಪ್ಪುನೀರು ಕುಡಿಸಿ ಕಕ್ಕಿಸಿದೆವು. ಕುಲಿಪಾ ಕುರಿಬಾಲದ ಕೊಬ್ಬು ಕರಗಿಸಿ ಬಾಯಿಗೆ ಹುಯ್ದಳು. ಸಣ್ಣ ಸದ್ದಾದರೂ ಸೆಳೆತ ಬರುತ್ತಿದ್ದುದರಿಂದ ಪಿಸುಮಾತಿನಲ್ಲೇ ಓಡಾಡಿದೆವು. ಸಾಗಿನಾಲಿ ತನ್ನ ಅಂಗೈಯನ್ನೇ ನೋಡುತ್ತಿದ್ದ.

"ನನ್ ಕೈಯನ್ನ ನಂಬಿ ತಿಂತು ಕಣೋ," ಎಂದ.

ಉಚಾರ್ ಉಳಿಯಿತು. ಹಿಂಗಾಲು ಮಾತ್ರ ಕುಂಟಾಯಿತು. ಆಮೇಲೂ ಅದು ಅವನ ಕೈಯಿಂದಲೇ ತಿನ್ನುತ್ತಿತ್ತು, ಒಂದು ಚೂರೂ ಅನುಮಾನವಿಲ್ಲದೆ. ಆ ನಂಬಿಕೆಯನ್ನು ತಡೆಯಲಾಗದೇ ಹೋದದ್ದು ಅವನಿಗೆ. ಪ್ರತಿ ತುಂಡನ್ನೂ ಮೊದಲು ತಾನು ಕಚ್ಚಿ ತಿಂದು ನಂತರ ಕೊಡತೊಡಗಿದ.

"ಖಾನ್ ಸಾಹೇಬ್ರ ಊಟ ಆಯ್ತಾ?" ಎಂದು, ಮೊದಲು ಆಳಿನಿಂದ ರುಚಿ ನೋಡಿಸಿ ಉಣ್ಣುವ ಅರಸನನ್ನು ಕೇಳುವಂತೆ, ಕುಲಿಪಾ ನಾಯಿಯನ್ನು ಕೇಳುತ್ತಿದ್ದಳು. ಅವನು ನಗುತ್ತಿರಲಿಲ್ಲ.

ಈ ವಸಂತದಲ್ಲಿ ಕುದುರೆಗಳನ್ನು ಬೆಟ್ಟದ ಮೇಲಕ್ಕೆ ಹೊಡೆದುಕೊಂಡು ಹೋಗುವಾಗ ಸಾಗಿನಾಲಿ ಎದೆ ಹಿಡಿದುಕೊಂಡು ಕುಸಿದ. ನಾವು ತಲುಪಿದಾಗ ಉಚಾರ್ ಅವನ ತೋಳಿನ ಮೇಲೆ ತಲೆಯಿಟ್ಟು ಮಲಗಿತ್ತು.

ಸತ್ತವರ ಉಡುಪನ್ನು ಮೈ ತೊಳೆದವರಿಗೆ ಹಂಚುವುದು ನಮ್ಮ ಪದ್ಧತಿ. ನಾನೂ ತೊಳೆದಿದ್ದೆ. ನನ್ನ ಪಾಲಿಗೆ, ಅವನು ಅಂದು ಇಳಿಜಾರಿನಲ್ಲಿ ಕಳಚಿದ್ದ ಕುರಿಚರ್ಮದ ಕೈಗವಸುಗಳು ಬಂದವು. ಪೆಟ್ಟಿಗೆಯಲ್ಲಿಟ್ಟುಕೊಂಡೆ. ಅವನದೆಂದು ನನ್ನ ಬಳಿ ಬೇರೇನೂ ಇರಲಿಲ್ಲ.

ಕೆಲವು ದಿನ ಕಳೆದ ಮೇಲೆ ಕುಲಿಪಾ ಬಾಗಿಲಿಗೆ ಬಂದಳು. "ಮೇಷ್ಟ್ರೇ, ಅದೂ ಹೋಗ್ಬಿಡುತ್ತೆ. ನನ್ ಕೈಲಿ ಏನೂ ಮುಟ್ತಿಲ್ಲ."

ಕೈಗವಸುಗಳನ್ನು ತೆಗೆದುಕೊಂಡು ಅವಳ ಜೊತೆ ಹೋದೆ. ಅವಳು ಒಂದರೊಳಗೆ ಮಾಂಸದ ತುಂಡು ಹಾಕಿ ಚೆನ್ನಾಗಿ ತಿಕ್ಕಿದಳು. ಹೊರತೆಗೆದು, ತುದಿ ಕಚ್ಚಿ ತಿಂದು, ಉಳಿದದ್ದನ್ನು ಚಾಚಿದಳು. ಉಚಾರ್ ಬಹಳ ಹೊತ್ತು ಮೂಸಿತು. ಆಮೇಲೆ ತಿಂದಿತು.

ಕೈಗವಸುಗಳು ಈಗ ಅವಳಲ್ಲೇ ಇವೆ, ಬಿಗಿಯಾಗಿ ಬಟ್ಟೆಯಲ್ಲಿ ಸುತ್ತಿ. ಒಂದನ್ನು ಕೈಗೆ ಹಾಕಿಕೊಳ್ಳಬೇಕೆಂದು ನನಗೆ ಎಷ್ಟೋ ಸಲ ಅನಿಸುತ್ತದೆ. ಹಾಕಿಕೊಳ್ಳುವುದಿಲ್ಲ. ಒಳಗೆ ಉಳಿದಿರುವ ಅವನ ವಾಸನೆ ಕಡಿಮೆ. ನನ್ನ ಕೈಯಲ್ಲಿ ಸೀಮೆಸುಣ್ಣವಿದೆ.