ಕಾಲ್ಡರ್‌ಶಾ ಮನೆತನದ ಸೊಸೆ

ಸ್ಟಾಕ್‌ಪೋರ್ಟಿನ ಆ ಕ್ಲಿನಿಕ್ಕಿನ ಬಾಗಿಲಲ್ಲಿ ಡಾಕ್ಟರ್ ಗೌರಿ ಕಾಲ್ಡರ್‌ಶಾ ಎಂಬ ಹೆಸರು ಓದಿದವರು, ಒಳಗೆ ಯಾರೋ ಎತ್ತರದ ಬಿಳಿ ಹೆಂಗಸು ಕೂತಿರಬೇಕು ಎಂದುಕೊಂಡೇ ಹೋಗುತ್ತಾರೆ. ಕೂತಿರುವವಳು ಧಾರವಾಡದ ಗೌರಿ. ಗಿಡ್ಡ ಆಳು, ನರೆತ ಕೂದಲು, ಮಾತು ಕಡ್ಡಿ ಮುರಿದ ಹಾಗೆ. ಸಿಗರೇಟು ಬಿಡದ ಮುದುಕರನ್ನು ಆಕೆ ಬೈಯುವ ಬೈಗುಳಕ್ಕೆ ಹೆದರಿ ಕೆಲವರು ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋದದ್ದುಂಟು. ಹೋದವರಲ್ಲಿ ಅರ್ಧದಷ್ಟು ಜನ ತಿರುಗಿ ಬಂದದ್ದೂ ಉಂಟು.

ಹುಟ್ಟಿದ್ದು ಮುಳಗುಂದ ಎಂಬ ಅಡ್ಡಹೆಸರಿನ ಮನೆತನದಲ್ಲಿ. ಬೆಂಗಳೂರಿನ ಕಡೆಯವರಿಗೆ ಅಡ್ಡಹೆಸರು ಎಂದರೆ ಪಾಸ್‌ಪೋರ್ಟಿನ ಖಾನೆ ತುಂಬಲು ಬೇಕಾದ ಒಂದು ಪದ, ಅಷ್ಟೆ. ಧಾರವಾಡದ ಕಡೆ ಹಾಗಲ್ಲ. ಅಲ್ಲಿ ಒಂದೇ ಅಡ್ಡಹೆಸರಿನವರೆಲ್ಲ ಅಣ್ಣತಮ್ಮಂದಿರು, ಒಂದೇ ಬಳ್ಳಿಯ ಕಾಯಿಗಳು. ಪರಿಚಯ ಇರಲಿ ಬಿಡಲಿ, ಕರೆ ಹೋದರೆ ಬರಬೇಕು. ಗೌರಿ ಶಾಲೆಗೆ ಹೋಗುತ್ತಿದ್ದಾಗ ಅವಳ ಅಪ್ಪ ಶರಣಪ್ಪ ಸ್ಕೂಟರಿನಿಂದ ಬಿದ್ದು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರಕ್ತ ಬೇಕು ಎಂದಾಗ, ಹಿಂದೆಂದೂ ಮುಖ ನೋಡಿರದ ಮುಳಗುಂದದವರು ಗದಗಿನಿಂದ ಟೆಂಪೋ ಮಾಡಿಕೊಂಡು ಬಂದು, ಅಂಗಿಯ ತೋಳು ಮಡಚಿ ಸಾಲು ನಿಂತಿದ್ದರು. ನೀವು ಯಾರು, ನಮಗೇನಾಗಬೇಕು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಅಪ್ಪ ಉಳಿದ. ಆ ಸಾಲು ಮಾತ್ರ ಗೌರಿಯ ತಲೆಯಲ್ಲಿ ಹಾಗೇ ನಿಂತುಬಿಟ್ಟಿತು.

ಮುಂದೆ ಎಂಬಿಬಿಎಸ್ ಮುಗಿಸಿ ಶೆಫೀಲ್ಡಿಗೆ ಬಂದಳು. ಅಲ್ಲಿ ಜೆಫ್ರಿ ಸಿಕ್ಕಿದ. ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು, ನಿಧಾನದ ಮನುಷ್ಯ. ಒಂದು ಕಪ್ ಚಹಾ ಕುಡಿಯಲು ಅವನಿಗೆ ಅರ್ಧ ದಿನ ಬೇಕು ಎಂದು ಗೌರಿ ಈಗಲೂ ಛೇಡಿಸುತ್ತಾಳೆ. ಮದುವೆಯಾದಾಗ ಹೆಸರು ಬದಲಿಸಬೇಡ ಎಂದು ಜೊತೆಯ ಡಾಕ್ಟರುಗಳೆಲ್ಲ ಹೇಳಿದರು. ಜೆಫ್ರಿಗೂ ಅದು ಬೇಕಿರಲಿಲ್ಲ. ಗೌರಿ ಕೇಳಬೇಕಲ್ಲ. ಸೊಸೆಯಾದ ಮೇಲೆ ಆ ಮನೆಯ ಹೆಸರು ನನ್ನದೇ ಎಂದು ಹಟ ಹಿಡಿದು ಕಾಲ್ಡರ್‌ಶಾ ಆದಳು. ಆದರೆ ಆ ಮನೆಯಲ್ಲಿ ಇದ್ದವಳು ಅತ್ತೆಯೊಬ್ಬಳೇ. ಮಾವ ಕಿಡ್ನಿ ಹೋಗಿ ಐವತ್ತು ದಾಟುವಷ್ಟರಲ್ಲೇ ತೀರಿಕೊಂಡಿದ್ದ. ಇಷ್ಟು ದೊಡ್ಡ ಹೆಸರಿಗೆ ಇಷ್ಟು ಸಣ್ಣ ಮನೆಯೇ ಎಂದು ಅವಳಿಗೆ ಪಿಚ್ಚೆನಿಸಿತ್ತು.

ಮಾವನ ರೋಗ ಜೆಫ್ರಿಗೂ ಬಂತು. ಎರಡೂ ಕಿಡ್ನಿಗಳಲ್ಲಿ ನೀರಿನ ಗುಳ್ಳೆಗಳು ಎದ್ದು, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಕಿಡ್ನಿಯನ್ನೇ ತಿಂದುಹಾಕುವ ರೋಗ ಅದು. ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಇಳಿಯುತ್ತದೆ. ನಾಣ್ಯ ಚಿಮ್ಮಿದ ಹಾಗೆ, ಇಳಿದರೆ ಇಳಿಯಿತು, ಇಲ್ಲದಿದ್ದರೆ ಇಲ್ಲ. ಜೆಫ್ರಿ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆ ಹೋಗಿ, ಹಿಂಡಿದ ಬಟ್ಟೆಯಂತೆ ಮನೆಗೆ ಬರುತ್ತಾನೆ. ಬದಲಿ ಕಿಡ್ನಿಗಾಗಿ ಸರದಿಯಲ್ಲಿದ್ದಾನೆ, ಆದರೆ ಸರದಿ ಸರಿಯುತ್ತಿಲ್ಲ. ಈ ನಡುವೆ ಹೃದಯವೂ ತಕರಾರು ತೆಗೆದಿದೆ. ಇನ್ನೊಂದು ಚಳಿಗಾಲ ಕಳೆದರೆ ಆಪರೇಷನ್ ತಡೆಯುವ ಶಕ್ತಿಯೇ ಇರುವುದಿಲ್ಲ ಎಂದು ದೊಡ್ಡ ಡಾಕ್ಟರು ಹೇಳಿದಾಗ, ಆ ಮಾತನ್ನು ಗೌರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ತನ್ನದನ್ನು ಕೊಡೋಣವೆಂದರೆ ಅವಳಿಗೆ ಸಕ್ಕರೆ ಕಾಯಿಲೆ. ಇರುವವಳು ಒಬ್ಬಳೇ ಮಗಳು, ಸಂಯುಕ್ತಾ. ಎಜ್‌ಬಾಸ್ಟನ್ನಿನಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳು ಸ್ಕ್ಯಾನ್ ಮಾಡಿಸಿಕೊಳ್ಳಲು ಒಪ್ಪುವುದಿಲ್ಲ. ನನ್ನೊಳಗೆ ಅದು ಇದೆಯೋ ಇಲ್ಲವೋ ನನಗೆ ತಿಳಿಯುವುದೇ ಬೇಡ ಎಂದು ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ ಬಾಗಿಲು ಹಾಕಿಕೊಂಡವಳು ಮತ್ತೆ ಆ ಮಾತು ತೆಗೆದಿಲ್ಲ. ಜೆಫ್ರಿಯೂ ಮಗಳ ಹತ್ತಿರ ಕೇಳಬೇಡ ಎಂದು ಕೈ ಹಿಡಿದು ಆಣೆ ಮಾಡಿಸಿಕೊಂಡ.

ಹೀಗಿರುವಾಗ ಧಾರವಾಡದಿಂದ ಅವ್ವ ಶರಣಮ್ಮನ ಫೋನು ಬಂತು. ಎಂಬತ್ತು ದಾಟಿದ ಜೀವ, ಅಳಿಯನ ಸುದ್ದಿ ಕೇಳದೆ ದಿನ ಹೋಗುವುದಿಲ್ಲ. ಎಲ್ಲ ಕೇಳಿಸಿಕೊಂಡು ಅವಳು ಹೇಳಿದ್ದು ಒಂದೇ ಮಾತು.

"ಅಲ್ಲವಾ ಗೌರಿ, ಅಷ್ಟ ದೊಡ್ಡ ದೇಶದಾಗ ಅಂವನ ಅಡ್ಡಹೆಸರಿನ ಮಂದಿ ಒಬ್ಬರೂ ಇಲ್ಲೇನ? ಅವರ ಕಿವಿಗೆ ಹಾಕು."

ಮುದುಕಿಗೇನು ಗೊತ್ತು ಎಂದು ಗೌರಿ ಫೋನಿಟ್ಟಳು. ಆದರೆ ಮಾತು ಕಿವಿಯಲ್ಲಿ ಕೂತಿತು. ಈ ದೇಶದಲ್ಲಿ ಒಂದೊಂದು ಸರ್‌ನೇಮಿಗೂ ಒಂದೊಂದು ಸಂಘ ಕಟ್ಟಿಕೊಂಡವರಿದ್ದಾರೆ. ತಮ್ಮ ಹೆಸರಿನ ಮೂಲ ಯಾವುದು, ಆ ಹೆಸರಿನ ಗಣ್ಯರು ಯಾರ್‍ಯಾರು ಎಂದು ಕೆದಕುತ್ತ ವರ್ಷಕ್ಕೊಮ್ಮೆ ಸೇರಿ ಕೇಕು ತಿಂದು ಹೋಗುತ್ತಾರೆ. ಕಾಲ್ಡರ್‌ಶಾಗಳದ್ದೂ ಒಂದಿತ್ತು. ಜೆಫ್ರಿಗೆ ಎಷ್ಟೋ ವರ್ಷದಿಂದ ಆಹ್ವಾನ ಬರುತ್ತಿತ್ತು, ಅವನು ನಕ್ಕು ಬಿಸಾಡುತ್ತಿದ್ದ. ಈ ಸಲದ ಆಹ್ವಾನವನ್ನು ಗೌರಿ ಎತ್ತಿಟ್ಟುಕೊಂಡಳು.

ಆಕೆ ಡಾಕ್ಟರು. ರೋಗ ಇಳಿಯುವುದು ರಕ್ತದ ದಾರಿಯಲ್ಲಿ, ಆ ದಾರಿಯವರ ಹತ್ತಿರವೇ ಕಿಡ್ನಿ ಕೇಳಲು ಹೋಗುವುದು ಹುಚ್ಚುತನ ಎಂದು ಬೇರೆ ಯಾರಿಗಾದರೂ ಆಕೆಯೇ ಗದರಿಸಿ ಹೇಳುತ್ತಿದ್ದಳು. ತನಗೆ ಮಾತ್ರ ಬೇರೆ ಲೆಕ್ಕ ಹೇಳಿಕೊಂಡಳು. ಇವರೆಲ್ಲ ಹೆಸರಿಗಷ್ಟೇ ಸಂಬಂಧಿಕರು, ರಕ್ತ ಯಾವತ್ತೋ ತಿಳಿಯಾಗಿ ಹೋಗಿದೆ. ಆದರೆ ಹೆಸರು ಒಂದೇ ಆದದ್ದರಿಂದ ಕರೆದರೆ ಬರುತ್ತಾರೆ. ಕೇಳುವಷ್ಟು ಹತ್ತಿರ, ರೋಗ ಮುಟ್ಟದಷ್ಟು ದೂರ. ಮನುಷ್ಯನಿಗೆ ಬೇಕಾದಾಗ ಬುದ್ಧಿ ಹೇಗೆ ಬೇಕಾದರೂ ಬಾಗುತ್ತದೆ ನೋಡಿ.

ಸಭೆ ಇದ್ದದ್ದು ಲೀಡ್ಸಿನ ಹತ್ತಿರದ ಒಂದು ಚರ್ಚ್ ಹಾಲಿನಲ್ಲಿ. ಜೆಫ್ರಿಗೆ ಹೇಳದೆ ಗೌರಿ ಒಬ್ಬಳೇ ರೈಲು ಹತ್ತಿ ಹೋದಳು. ಗೋಡೆಯ ತುಂಬ ಚಿತ್ರಗಳು. ಸಂಘದ ಕಾರ್ಯದರ್ಶಿ ಬೆರಿಲ್ ಕಾಲ್ಡರ್‌ಶಾ ಎಂಬ ಮುದುಕಿ ಕೋಲು ಹಿಡಿದು ಒಬ್ಬೊಬ್ಬರನ್ನೇ ಪರಿಚಯಿಸಿದಳು. ಆಫ್ರಿಕಾಕ್ಕೆ ಹೋಗಿ ಚರ್ಚು ಕಟ್ಟಿದ ಬಿಷಪ್ ಕಾಲ್ಡರ್‌ಶಾ. ಎರಡು ಬೇಸಿಗೆ ಕೌಂಟಿ ಕ್ರಿಕೆಟ್ ಆಡಿದ ಕಾಲ್ಡರ್‌ಶಾ. ಪಾಚಿಯ ಮೇಲೆ ಪುಸ್ತಕ ಬರೆದ ಮಿಸ್ ಕಾಲ್ಡರ್‌ಶಾ. ಗಿರಣಿ ಕಟ್ಟಿ ಮೇಯರ್ ಆದವನು, ರೇಡಿಯೋದಲ್ಲಿ ಟ್ರೊಂಬೋನ್ ಊದಿದವನು. ಸತ್ತು ಬೂದಿಯಾದವರ ದೊಡ್ಡಸ್ತಿಕೆ ಮುಗಿಯುವ ಲಕ್ಷಣವೇ ಇರಲಿಲ್ಲ. ಗೌರಿ ಒಳಗೊಳಗೇ ಕುದಿಯುತ್ತ ಕೂತಳು. ಬಿಷಪ್ಪನ ಕಿಡ್ನಿ ಯಾರಿಗೆ ಬೇಕಮ್ಮಾ, ಬದುಕಿದ್ದವರ ಸುದ್ದಿ ತೆಗೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ನಾವೆಲ್ಲ ಬೆಟ್ಟದ ಮೇಲಿನ ಒಂದೇ ಹೊಲಮನೆಯಿಂದ ಇಳಿದು ಬಂದವರು, ಅದಕ್ಕೆ ದಾಖಲೆ ಇದೆ ಎಂದು ಬೆರಿಲ್ ಹೆಮ್ಮೆಯಿಂದ ಹೇಳಿದಳು. ಅದು ಗೌರಿಯ ಕಿವಿಗೆ ಬಿತ್ತು. ಕಿವಿಗಷ್ಟೇ ಬಿತ್ತು.

ಕೊನೆಯಲ್ಲಿ ಯಾರಾದರೂ ಮಾತಾಡುವವರಿದ್ದರೆ ಎಂದಾಗ ಗೌರಿ ಎದ್ದಳು. ರೋಗಿಗಳನ್ನು ಗದರಿಸುವ ದನಿ ಎಲ್ಲಿ ಹೋಯಿತೋ. "ನಾನು ಈ ಹೆಸರಿಗೆ ಮದುವೆಯಾಗಿ ಬಂದವಳು. ನಮ್ಮೂರಲ್ಲಿ ಒಂದೇ ಹೆಸರಿನವರು ಕಷ್ಟ ಬಂದಾಗ ಬರುತ್ತಾರೆ. ನನ್ನ ಗಂಡನಿಗೆ ಕಿಡ್ನಿ ಬೇಕು. ಇಲ್ಲದಿದ್ದರೆ ಅವನು ಉಳಿಯುವುದಿಲ್ಲ. ಕೇಳಲು ನನಗೆ ಬೇರೆ ಯಾರೂ ಇಲ್ಲ."

ಆಮೇಲೆ ಒಬ್ಬರಾದ ಮೇಲೊಬ್ಬರು ಬಂದು ತೋಳು ಸವರಿದರು, ಚಹಾ ತಂದುಕೊಟ್ಟರು, ಎಂಥ ಧೈರ್ಯ ನಿಮ್ಮದು ಎಂದರು. ಒಬ್ಬರು ಕಿಡ್ನಿ ರೋಗಿಗಳಿಗಾಗಿ ಒಂದು ನಡಿಗೆ ಏರ್ಪಡಿಸೋಣ ಎಂದರು. ಬೆರಿಲ್ ಅಂತೂ, ಭಾರತದಿಂದ ಬಂದ ಮೊದಲ ಕಾಲ್ಡರ್‌ಶಾ ಡಾಕ್ಟರು ನೀವೇ, ಮುಂದಿನ ವರ್ಷ ಗಣ್ಯರ ಗೋಡೆಯಲ್ಲಿ ನಿಮ್ಮ ಫೋಟೋ ಹಾಕಬಹುದು ಎಂದಳು. ಅಂಗಿಯ ತೋಳು ಮಡಚಿ ಮುಂದೆ ಬಂದವರು ಒಬ್ಬರೂ ಇಲ್ಲ. ವಾಪಸು ಬರುವ ರೈಲಿನಲ್ಲಿ ಗೌರಿ, ಮದುವೆಯಾಗಿ ಇಷ್ಟು ವರ್ಷದ ಮೇಲೆ ಮೊದಲ ಸಲ, ಆ ಹೆಸರನ್ನು ಹೊತ್ತದ್ದಕ್ಕೆ ನಾಚಿಕೊಂಡಳು.

ಕೆಲವು ವಾರ ಕಳೆದ ಮೇಲೆ ಒಬ್ಬ ಫೋನು ಮಾಡಿದ. ಹೆಸರು ಡ್ಯಾರೆನ್ ಕಾಲ್ಡರ್‌ಶಾ, ಲೀಡ್ಸಿನ ಆಚೆ ಮನೆಗಳಿಗೆ ಕಿಟಕಿ ಬಾಗಿಲು ಕೂಡಿಸುವ ಬಡಗಿ. ನಲವತ್ತರ ಗಂಡಸು, ಇಬ್ಬರು ಸಣ್ಣ ಹೆಣ್ಣುಮಕ್ಕಳ ಅಪ್ಪ. ಅವತ್ತು ಹಾಲಿನಲ್ಲಿ ತಾಯಿಯನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕೂತಿದ್ದನಂತೆ. ನೀವು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ, ನನ್ನ ಹತ್ತಿರ ಎರಡಿವೆಯಲ್ಲ, ಪರೀಕ್ಷೆ ಮಾಡಿಸಿ ನೋಡುತ್ತೇನೆ ಎಂದ. ಗೌರಿ ಅಡುಗೆಮನೆಯಲ್ಲಿ ನಿಂತಲ್ಲೇ, ಯಾವ ಭಾಷೆ ಎಂದು ನೋಡದೆ ಏನೇನೋ ಹೇಳುತ್ತ ಅವನಿಗೆ ಕೈ ಮುಗಿದಳು. ಫೋನಿನಲ್ಲಿ ಅದು ಕಾಣುವುದಿಲ್ಲ ಎಂಬುದೂ ಹೊಳೆಯಲಿಲ್ಲ.

ಜೆಫ್ರಿಗೆ ಆಗ ಹೇಳಲೇಬೇಕಾಯಿತು. ಮೊದಲು ಸಿಟ್ಟಾದ, ಅಪರಿಚಿತರ ಮುಂದೆ ಸೆರಗೊಡ್ಡಿ ಬಂದೆಯಾ ಎಂಬಂತೆ ನೋಡಿದ. ಆದರೆ ರಕ್ತದ ಗುಂಪು ಹೊಂದಿತು ಎಂದು ಸುದ್ದಿ ಬಂದ ದಿನ ಅವನ ಮುಖವೇ ಬೇರೆಯಾಯಿತು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬಾಳೆಹಣ್ಣು ತಿನ್ನುವಂತಿಲ್ಲ, ನೀರನ್ನೂ ಅಳೆದು ಕುಡಿಯಬೇಕು. ಎಲ್ಲ ಮುಗಿದ ಮೇಲೆ ಒಂದು ಜಗ್ ನೀರನ್ನು ಒಂದೇ ಉಸಿರಿಗೆ ಕುಡಿಯುತ್ತೇನೆ, ಆಮೇಲೆ ಧಾರವಾಡಕ್ಕೆ ಹೋಗಿ ನಿಮ್ಮವ್ವನ ಕೈಯ ರೊಟ್ಟಿ ತಿನ್ನುತ್ತೇನೆ ಎಂದ. ಗೌರಿ ಟಿಕೆಟ್ಟಿನ ದರವನ್ನೂ ನೋಡಿಬಿಟ್ಟಳು. ಶರಣಮ್ಮ ಫೋನಿನಲ್ಲಿ, "ನಾ ಹೇಳಿದ್ದಿಲ್ಲೇನ?" ಎಂದು ಗೆದ್ದವಳಂತೆ ನಕ್ಕಳು.

ಆಮೇಲೆ ಡ್ಯಾರೆನ್ನನ ಸ್ಕ್ಯಾನ್ ಆಯಿತು. ಆಸ್ಪತ್ರೆಯವರು ಫೋನು ಮಾಡಿ, ದಾನಿ ಮುಂದುವರಿಯುವಂತಿಲ್ಲ, ಕಾರಣ ಹೇಳುವ ಹಾಗಿಲ್ಲ ಎಂದಷ್ಟೇ ಹೇಳಿದರು. ಆ ಕಡೆಯ ದನಿ ಹೆಜ್ಜೆ ನೋಡಿ ಇಡುತ್ತಿದ್ದ ರೀತಿಯಲ್ಲೇ ಗೌರಿಗೆ ಎಲ್ಲ ತಿಳಿದುಹೋಯಿತು. ಬೆಟ್ಟದ ಮೇಲಿನ ಹೊಲಮನೆ, ಯಾವುದೋ ಕಾಲದ ಒಬ್ಬ ಮುತ್ತಜ್ಜ, ಅವನ ಇಬ್ಬರು ಮಕ್ಕಳು. ಒಬ್ಬನಿಂದ ಜೆಫ್ರಿ, ಇನ್ನೊಬ್ಬನಿಂದ ಈ ಡ್ಯಾರೆನ್. ತಿಳಿಯಾಗಿದೆ ಎಂದು ತಾನು ನಂಬಿಕೊಂಡ ರಕ್ತ ತಿಳಿಯಾಗಿರಲಿಲ್ಲ. ಸಾಲುದೀಪ ಹೊತ್ತಿಸಿದ ಹಾಗೆ ಒಬ್ಬರಿಂದ ಒಬ್ಬರಿಗೆ ಹತ್ತಿಕೊಂಡೇ ಬಂದಿತ್ತು. ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ ಎಂದು ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು.

ಭಾನುವಾರ ಮಧ್ಯಾಹ್ನ ಅವರ ಮನೆಯ ಮುಂದೆ ಒಂದು ವ್ಯಾನು ಬಂದು ನಿಂತಿತು. ಎಷ್ಟು ಹೊತ್ತಾದರೂ ಯಾರೂ ಇಳಿಯಲಿಲ್ಲ. ಗೌರಿ ಚಪ್ಪಲಿಯಲ್ಲೇ ಹೊರಗೆ ಹೋದಳು. ಸ್ಟೀರಿಂಗಿನ ಹಿಂದೆ ಡ್ಯಾರೆನ್ ಕೂತಿದ್ದ. ಕಿಟಕಿ ಇಳಿಸಿ, ಎರಡರಲ್ಲೂ ಇದೆಯಂತೆ ಎಂದ. ಬಿಪಿ ಕೂಡ ಏರಿದೆಯಂತೆ. ನನಗೆ ತಲೆನೋವೂ ಇರಲಿಲ್ಲವಲ್ಲ ಎಂದ, ಏನೋ ಮೋಸವಾಗಿದೆ ಎನ್ನುವಂತೆ.

"ನಾನು ಕೊಡುತ್ತೇನೆ ಎಂದು ಮುಂದೆ ಬರದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ಲವಾ?"

"ಇಷ್ಟು ಬೇಗ ಆಗುತ್ತಿರಲಿಲ್ಲ," ಎಂದಳು ಗೌರಿ.

ಬೇಗ ಗೊತ್ತಾದದ್ದೇ ಒಳ್ಳೆಯದು, ಮಾತ್ರೆ ಇದೆ, ರೋಗವನ್ನು ನಿಧಾನ ಮಾಡಬಹುದು. ರೋಗಿಗಳಿಗೆ ದಿನವೂ ಹೇಳುವ ಮಾತುಗಳು ಇವು, ಸುಳ್ಳೂ ಅಲ್ಲ. ಅವನ್ನೆಲ್ಲ ಬದಿಗಿಟ್ಟಳು. ತಪ್ಪು ನನ್ನದು, ಕ್ಷಮಿಸು ಎಂದಳು. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಹುಡುಗಿಯರಿಗೂ ಪರೀಕ್ಷೆ ಮಾಡಿಸಬೇಕಾ ಎಂದು ಕೇಳಿದ. ಈಗಲೇ ಬೇಡ ಎಂದಳು. ಹಾಗಾದರೆ ಯಾವಾಗ ಎಂದ. ತನ್ನ ಮಗಳ ವಿಷಯದಲ್ಲೇ ಉತ್ತರ ಕಾಣದವಳು ಅವನಿಗೆ ಏನು ಹೇಳಬೇಕು? ಅದು ಅವರೇ ದೊಡ್ಡವರಾದ ಮೇಲೆ ಎಂದು ಏನೋ ತೊದಲಿದಳು. ಕೊನೆಗೆ ಅವನು, ಜೆಫ್ರಿಯನ್ನು ನೋಡಬಹುದಾ ಎಂದ.

ಜೆಫ್ರಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತಿದ್ದ. ಎದ್ದು ನಿಲ್ಲಲು ಹೋಗಿ ಆಗದೆ, ಕೂತಲ್ಲಿಂದಲೇ ಕೈ ಚಾಚಿದ. ನಿನಗೆ ಹೀಗಾಗಬಾರದಿತ್ತು ಎಂದ. ಡ್ಯಾರೆನ್ ಕೈ ಕುಲುಕಿ ಅವನನ್ನು ನೋಡುತ್ತ ನಿಂತ. ಬೂದಿ ಬಣ್ಣದ ಮುಖ, ಊದಿದ ಕಾಲು, ಸಡಿಲವಾದ ಅಂಗಿ, ಒಂದನ್ನೂ ಬಿಡದೆ ನೋಡಿದ. ಅಕ್ಕಪಕ್ಕ ಕೂತಾಗ ಇಬ್ಬರ ಮೂಗೂ ಗದ್ದವೂ ಒಂದೇ ಅಚ್ಚು ಎಂಬುದು ಗೌರಿಗೆ ಕಂಡಿತು. ಅವತ್ತು ಆ ಹಾಲಿನಲ್ಲಿ ಎಲ್ಲಿ ಹೋಗಿತ್ತು ನನ್ನ ಕಣ್ಣು ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಜೆಫ್ರಿಯ ಎಡಗೈಯಲ್ಲಿ, ಡಯಾಲಿಸಿಸ್ಸಿನ ಸೂಜಿ ಚುಚ್ಚಲೆಂದು ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದ ಜಾಗ ಹಗ್ಗದಂತೆ ಉಬ್ಬಿತ್ತು. ಡ್ಯಾರೆನ್ನನ ಕಣ್ಣು ಅಲ್ಲಿ ಬಂದು ನಿಂತಿತು. ಮುಟ್ಟಿ ನೋಡಲಾ ಎಂದು ಕೇಳಿದ. ಜೆಫ್ರಿ ತೋಳು ಮುಂದೆ ಮಾಡಿದ. ಬಡಗಿಯ ಒರಟು ಬೆರಳುಗಳು ಮೆಲ್ಲಗೆ ಅದರ ಮೇಲೆ ಕೂತವು. ಒಳಗೆ ರಕ್ತ ಗುಂಯ್‌ಗುಡುವುದು ತಾಗಿ ಅವನು ಬೆಚ್ಚಿದ, ಆದರೆ ಕೈ ತೆಗೆಯಲಿಲ್ಲ.

"ಯಾವಾಗಲೂ ಹೀಗೇ ಇರುತ್ತದಾ?"

"ಯಾವಾಗಲೂ. ಅಭ್ಯಾಸವಾಗುತ್ತದೆ," ಎಂದ ಜೆಫ್ರಿ, ಕ್ಲಾಸಿನಲ್ಲಿ ಹುಡುಗನೊಬ್ಬನಿಗೆ ಹೇಳಿಕೊಡುವ ಅದೇ ನಿಧಾನದಲ್ಲಿ. "ಆ ಕೈ ಮೇಲೆ ಭಾರ ಹಾಕಿ ಮಲಗಬಾರದು, ಅಷ್ಟೆ."

"ನಾನು ಎಡ ಮಗ್ಗುಲಿಗೇ ಮಲಗೋದು."

ಜೆಫ್ರಿ ಸ್ವಲ್ಪ ಯೋಚಿಸಿದ. "ಹಾಗಾದರೆ ಬಲಗೈಗೆ ಮಾಡಿಸಿಕೋ," ಎಂದ.

ಡ್ಯಾರೆನ್ ಆಗಲಿ ಎಂದು ತಲೆ ಆಡಿಸಿದ.